ಅತ್ತೆಯ ಕಣ್ಣು, ನಮ್ಮ ಕಾರಿನ ಸೈಲೆನ್ಸರ್

ನಮ್ಮನೆಯವರಿಗೆ ಎಲ್ಲಾದರೂ ಒಂದು ನಟ್ಟು ಕಂಡರೆ ಸಾಕು, ತಿರುಪಲೇಬೇಕು. ಕುಕ್ಕರಿನ ಹಿಡಿ, ನಲ್ಲಿಯ ತಿರುಪು, ನನ್ನ ಹೊಲಿಗೆ ಮಿಷನ್ನಿನ ಸ್ಕ್ರೂ, ಯಾವುದನ್ನೂ ಅದರ ಪಾಡಿಗೆ ಬಿಟ್ಟವರಲ್ಲ. ಹೊಸೂರಿನ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ. ಅಲ್ಲಿ ದಿನವಿಡೀ ಬೋಲ್ಟು, ವಾಷರು ಎತ್ತಿಕೊಟ್ಟು ಮನೆಗೆ ಬಂದರೆ ಇಲ್ಲೂ ಅದೇ. ಸಡಿಲವಾಗಿರೋದೆಲ್ಲ ಕೆಟ್ಟದ್ದು, ಬಿಗಿಯಾಗಿರೋದೆಲ್ಲ ಒಳ್ಳೇದು ಅಂತ ಅವರ ನಂಬಿಕೆ. ಆ ನಂಬಿಕೆಯಿಂದ ನಾನು ಒಂದು ವರ್ಷದಲ್ಲಿ ಪಟ್ಟ ಪಾಡು ಹೇಳ್ತೀನಿ, ಕೇಳಿ.

ಎಂಬತ್ತರ ದಶಕದ ನಡುಭಾಗ ಅದು. ಶಿಫ್ಟು ಬಿಟ್ಟ ಹೊತ್ತಲ್ಲಿ ಹೊಸೂರಿನ ರಸ್ತೆ ತುಂಬ ಸೈಕಲ್ಲು, ಸ್ಕೂಟರು, ಕಂಪನಿ ಬಸ್ಸು. ಸ್ಕೂಟರಲ್ಲಿ ಓಡಾಡ್ತಿದ್ದ ನಮ್ಮನೆಯವರು ಇದ್ದಕ್ಕಿದ್ದ ಹಾಗೆ ಮೂರು ಕೈ ಬದಲಾಯಿಸಿದ ಒಂದು ಹಳೇ ಕಾರು ತಂದು ಬಾಗಿಲ ಮುಂದೆ ನಿಲ್ಲಿಸಿದರು. ಎರಡೇ ತಿಂಗಳಿಗೆ ಅದರ ಸೈಲೆನ್ಸರ್ ತುಕ್ಕು ಹಿಡಿದು ನಡುರಸ್ತೆಯಲ್ಲಿ ಕಳಚಿ ಬಿತ್ತು. ಅದರದ್ದೇ ಒರಿಜಿನಲ್ ತರಿಸಿ ಹಾಕಿಸಿದ್ದರೆ ಕತೆ ಅಲ್ಲಿಗೇ ಮುಗೀತಿತ್ತು. ಇವರು ಕೇಳಬೇಕಲ್ಲ. ಊರಾಚೆ ಜೂಜುವಾಡಿಯಲ್ಲಿ ಲಾರಿಗಳಿಗೆ ಸೈಲೆನ್ಸರ್ ಮಾಡಿಕೊಡುವ ವೆಲ್ಡಿಂಗ್ ಶಾಪಿಗೆ ಹೋದರು. ಅಲ್ಲಿನ ಮೇಸ್ತ್ರಿ ತಮಿಳಿನವನು. ಲಾರಿ ಪೈಪಿನಲ್ಲೇ ಒಂದು ಸೈಲೆನ್ಸರ್ ಬೆಸೆದು, ಕಬ್ಬಿಣದ ಪಟ್ಟಿಯಲ್ಲಿ ಕಾರಿನ ತಳಕ್ಕೆ ಬಿಗಿದು, "ಇನಿಮೇ ಒರು ಪ್ರಾಬ್ಲಮ್ಮೂ ವರಾದು ಸಾರ್" ಅಂತ ಕಳಿಸಿಕೊಟ್ಟ. ಇನ್ನು ಮುಂದೆ ಒಂದು ತೊಂದರೆಯೂ ಬರಲ್ಲ ಅಂತೆ.

ಆವತ್ತು ಸಾಯಂಕಾಲ ನಮ್ಮ ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. ಸ್ಟಾರ್ಟ್ ಮಾಡಿ ಬಿಟ್ಟರೆ ಹಿಂದುಗಡೆ ಗಡಗಡ. ಗೇರು ಹಾಕಿದರೆ ಕಾಲ ಕೆಳಗೆ ಟಕಟಕ. ಸ್ವಲ್ಪ ವೇಗ ಬಂತೋ, ಕಾರಿನ ತಳವೆಲ್ಲ ಗುಂಯ್ ಅಂತ ನಡುಗಿ, ಆ ನಡುಕ ಸೀಟಿನಿಂದ ಬೆನ್ನುಮೂಳೆಗೆ ಹತ್ತಿ ಹಲ್ಲುಗಳವರೆಗೂ ಬರ್ತಿತ್ತು. ಇವರು ಮಾತ್ರ ಇಳಿದು ಬಾನೆಟ್ಟು ತಟ್ಟಿ, "ನೋಡೇ, ಎಷ್ಟು ಗಟ್ಟಿಯಾಗಿದೆ" ಅಂದರು. ನನಗೆ ಮೈಯೆಲ್ಲ ಉರಿದು ಹೋಯ್ತು.

ಸದ್ದೊಂದೇ ಆಗಿದ್ದರೆ ಹೇಗೋ ಸಹಿಸಿಕೊಳ್ತಿದ್ದೆ. ಆದರೆ ಅದೇ ಹೊತ್ತಿಗೆ ನಮ್ಮತ್ತೆಯ ಕಣ್ಣಿನ ವಿಷಯ ಬಂತು. ಅತ್ತೆಗೆ ಎಡಗಣ್ಣು ಹರೆಯದ ವಯಸ್ಸಿನಲ್ಲೇ ಹೋಗಿತ್ತು, ಕಣದಲ್ಲಿ ರಾಗಿ ತೂರುವಾಗ ಏನೋ ಬಿದ್ದು ಹುಣ್ಣಾಗಿ. ಉಳಿದದ್ದು ಬಲಗಣ್ಣು. ಅದಕ್ಕೂ ಪೊರೆ ಬಂದಿತ್ತು. ಯುಗಾದಿ ಕಳೆದ ಮೇಲೆ ಅದೇ ಕಾರಲ್ಲಿ ಬೆಂಗಳೂರಿಗೆ ಕರಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಅವರು ಟಾರ್ಚು ಬಿಟ್ಟು ನೋಡಿ, "ಪೊರೆ ಬಲಿತಿದೆ. ದೀಪಾವಳಿ ಒಳಗೆ ತೆಗೆಸಿಬಿಡಿ. ಹಾಗೇ ಬಿಟ್ಟರೆ ಒಳಗೆ ಒತ್ತಡ ಏರಿ ಕಣ್ಣೇ ಹೋಗತ್ತೆ, ಆಮೇಲೆ ನನ್ನ ಕೈಲೂ ಏನೂ ಆಗಲ್ಲ" ಅಂದರು. ಇನ್ನೊಂದು ಮಾತನ್ನೂ ಹೇಳಿದರು. ಆಪರೇಷನ್ ಆಗಿ ಮನೆಗೆ ಹೋಗುವಾಗ ತಲೆ ಅಲ್ಲಾಡಕೂಡದು, ಹೊಲಿಗೆ ಹಸಿಯಾಗಿರತ್ತೆ, ಬಸ್ಸು ಗಿಸ್ಸು ಬೇಡ.

ವಾಪಸು ಬರುವಾಗ ಅತ್ತಿಬೆಲೆ ದಾಟೋದರೊಳಗೆ ಅತ್ತೆ ಎರಡು ಸಲ ಕಾರು ನಿಲ್ಲಿಸೋಕೆ ಹೇಳಿ ವಾಂತಿ ಮಾಡಿಕೊಂಡರು. ಮನೆಗೆ ಬಂದವರೇ ಜಗುಲಿ ಮೇಲೆ ಕೂತು ತೀರ್ಮಾನ ಹೇಳಿಬಿಟ್ಟರು. "ಆ ಸದ್ದು ನಿಲ್ಲೋಗಂಟ ನಾನು ನಿನ್ನ ಗಾಡಿ ಹತ್ತಾಕಿಲ್ಲ ಕಣ್ಲಾ. ತಲೆ ಒಳಗೆ ಯಾರೋ ಕುಟ್ಟಾಣಿ ಕುಟ್ದಂಗಾಯ್ತದೆ."

ನಾನು ಬಾಡಿಗೆ ಕಾರಿನ ಮಾತೆತ್ತಿದೆ. ಮನೆಯಲ್ಲಿ ಕಾರಿಟ್ಟುಕೊಂಡು ಬಾಡಿಗೆ ಕಾರಾ ಅಂತ ಮಗನಿಗೆ ಅವಮಾನ. ಗುರುತಿಲ್ಲದವನ ಗಾಡೀಲಿ ಕಣ್ಣು ಕಟ್ಟಿಸ್ಕೊಂಡು ಕೂರಾಕಿಲ್ಲ ಅಂತ ತಾಯಿ. ಆ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಹೀಗೆ ಒಬ್ಬ ಹೆಂಗಸಿನ ಕಣ್ಣು ಒಂದು ತುಂಡು ಪೈಪಿನ ಮೇಲೆ ನಿಂತುಕೊಂಡಿತು.

ಇವರೂ ಸುಮ್ಮನೆ ಕೂತವರಲ್ಲ, ಆ ಮಾತು ಒಪ್ಪಿಕೊಳ್ತೀನಿ. ಸುಮ್ಮನೆ ಕೂತಿದ್ದರೇ ಚೆನ್ನಾಗಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಕಾರ್ಖಾನೆಯ ಸ್ನೇಹಿತರು ಮೂರು ನಾಲ್ಕು ಜನ ಬಂದು ನಮ್ಮ ಬಾಗಿಲಲ್ಲಿ ಸೇರೋರು. ಕಾರಿನ ಕೆಳಗೆ ಗೋಣಿಚೀಲ ಹಾಸಿ ಒಬ್ಬರಾದ ಮೇಲೆ ಒಬ್ಬರು ನುಸುಳೋರು. ಎಲ್ಲರೂ ಕಾರ್ಖಾನೆ ಜನ, ಎಲ್ಲರಿಗೂ ಒಂದೇ ವಿದ್ಯೆ. "ಇಲ್ಲಿ ಆಡ್ತಾ ಐತೆ ಕಣ್ಲಾ, ಒಂದು ಬ್ರಾಕೆಟ್ ಕೊಡು." "ಅಲ್ಲಿ ಲೂಸು, ಟೈಟ್ ಮಾಡ್ಲಾ." ಒಬ್ಬ ಮಧ್ಯದಲ್ಲಿ ಕ್ಲಾಂಪ್ ಹಾಕಿದ. ಅಲ್ಲಿ ನಡುಗೋದು ನಿಂತು ಪೈಪಿನ ಬಾಲದಲ್ಲಿ ಶುರುವಾಯ್ತು. ಇನ್ನೊಬ್ಬ ಬಾಲಕ್ಕೆ ದಪ್ಪ ಕಬ್ಬಿಣ ಬಿಗಿದ. ಬಾಲ ಸುಮ್ಮನಾಗಿ ಹಿಂದಿನ ಸೀಟೇ ಗುಂಯ್ ಅನ್ನೋಕೆ ಹತ್ತಿತು. ಹೀಗೆ ಪೈಪನ್ನು ತಳಕ್ಕೆ ಬಿಗಿದ ಬ್ರಾಕೆಟ್ಟುಗಳು ಏಳಾದವು. ಪ್ರತಿ ಬ್ರಾಕೆಟ್ಟಿಗೂ ನಾನು ಒಂದು ಸುತ್ತು ಕಾಫಿ ಮಾಡಿದೆ. ಸದ್ದು ಮಾತ್ರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯ್ತೇ ಹೊರತು ಕಾರು ಬಿಟ್ಟು ಇಳೀಲಿಲ್ಲ.

ಒಂದು ಭಾನುವಾರ ಇವರಿಗೆ ಹೊಸ ಹುಕಿ ಬಂತು. ಸದ್ದು ಎಲ್ಲಿಂದ ಬರ್ತಾ ಇದೆ ಅಂತ ಓಡುವಾಗಲೇ ಹಿಡೀಬೇಕಂತೆ. ಓಡಿಸೋರು ಅವರು, ಹಾಗಾದರೆ ಕೇಳೋರು ಯಾರು? ನಾನು, ಹತ್ತಿರದ ಬೇರಿಕೆ ಅನ್ನೋ ಊರಿನ ಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವ ಟೀಚರಮ್ಮ, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಿನ ಸೀಟಿನ ಮುಂದೆ ಕಾಲಿಡೋ ಜಾಗದಲ್ಲಿ ಮಂಡಿಯೂರಿ, ಕಾರಿನ ನೆಲಕ್ಕೆ ಕಿವಿ ಆನಿಸಿ, ಹದಿನೈದು ಮೈಲಿ ದೂರದ ಶೂಳಗಿರಿವರೆಗೂ ಹೋದೆ. "ಎಡಗಡೆನಾ ಬಲಗಡೆನಾ?" ಅಂತ ಮುಂದಿನಿಂದ ಕೂಗ್ತಾರೆ. "ಎಲ್ಲಾ ಕಡೆ" ಅಂತ ನಾನು. "ಸರಿಯಾಗಿ ಕೇಳಿಸ್ಕೊಳೇ." ರೈಲ್ವೆ ಗೇಟಿನ ಹತ್ತಿರ ನಿಂತಾಗ ಪಕ್ಕದ ಬಸ್ಸಿನ ಜನ ಕಿಟಕಿಯಿಂದ ಬಗ್ಗಿ ನನ್ನನ್ನು ನೋಡಿದರು. ಅದರಲ್ಲಿ ನಮ್ಮ ಹೆಡ್‌ಮಾಸ್ಟರೂ ಇದ್ದರು. ಮಾರನೇ ದಿನ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದವಳೇ ನೇರ ಕ್ಲಾಸಿಗೆ ಓಡಿದೆ.

ಆಮೇಲೆ ತೆಂಗಿನ ನಾರಿನ ಪ್ರಯೋಗ. ಪೈಪಿಗೂ ಕಾರಿನ ತಳಕ್ಕೂ ಮಧ್ಯೆ ನಾರು ತುಂಬಿ, ಮೇಲೆ ಜೇಡಿಮಣ್ಣು ಮೆತ್ತಿ, ತಂತಿಯಲ್ಲಿ ಬಿಗಿದರು. ಐದು ಮೈಲಿ ಕಾರು ಮೌನವಾಗಿ ಓಡಿತು. ಆರನೇ ಮೈಲಿಗೆ ಸೀಟಿನ ಕೆಳಗಿಂದ ಹೊಗೆ. ದಾರಿಬದಿಯ ಹೋಟೆಲಿನವನು ಒಂದು ಕೊಡ ನೀರು ತಂದು ಸುರಿದ. ಬಿಸಿ ಪೈಪಿಗೆ ನಾರು ಕಟ್ಟಿದರೆ ಹೊಗೆ ಬರತ್ತೆ ಅಂತ ಗೊತ್ತಾಗೋಕೆ ಸ್ಟೋರ್ಸಿನಲ್ಲಿ ಕೆಲಸ ಮಾಡಬೇಕಾಗಿಲ್ಲ, ಒಂದು ದಿನ ಬಚ್ಚಲೊಲೆ ಹಚ್ಚಿದ್ದರೆ ಸಾಕಿತ್ತು. ಹಾಗಂತ ಅಲ್ಲೇ ಅಂದೆ. ಎರಡು ದಿನ ಮಾತು ಬಿಟ್ಟರು.

ಇಷ್ಟರಲ್ಲಿ ಆಷಾಢ ಹೋಗಿ ಶ್ರಾವಣ ಬಂತು. ಅತ್ತೆ ಮಜ್ಜಿಗೆಯನ್ನು ಲೋಟದ ಪಕ್ಕಕ್ಕೆ ಬಗ್ಗಿಸೋಕೆ ಶುರು ಮಾಡಿದರು. ಸಾರಿಗೆ ಎರಡೆರಡು ಸಲ ಉಪ್ಪು. ಗೋಡೆ ಸವರಿಕೊಂಡು ಹಿತ್ತಲಿಗೆ ಹೋಗೋರು. "ಕಾಣ್ತದೆ ಬುಡು, ಮಂಜು ಮಂಜಾಗಿ ಕಾಣ್ತದೆ" ಅಂತ ದಿನಾ ಒಂದೇ ಮಾತು. ಗೌರಿ ಹಬ್ಬದ ದಿನ ಒಬ್ಬಟ್ಟಿನ ಕಾವಲಿ ಒಲೆ ಮೇಲಿರೋದು ಕಾಣದೆ ಅದರ ಮೇಲೇ ಅಂಗೈ ಊರಿಬಿಟ್ಟರು. ಸುಟ್ಟ ಕೈಗೆ ನಾನು ಜೇನುತುಪ್ಪ ಸವರುತ್ತಿದ್ದರೆ, ಹೊರಗಡೆ ಕಾರಿನ ಕೆಳಗಿಂದ ಟಣ್ ಟಣ್ ಅಂತ ಸುತ್ತಿಗೆ ಸದ್ದು. ಎಂಟನೇ ಬ್ರಾಕೆಟ್ಟು. ನನಗೆ ಎಲ್ಲಿತ್ತೋ ಸಿಟ್ಟು, ಹೊರಗೆ ಹೋಗಿ ಸ್ನೇಹಿತರೆದುರಿಗೇ ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. "ನಿಮ್ಮ ತಾಯಿ ಕಣ್ಣು ದೊಡ್ಡದಾ, ನಿಮ್ಮ ಹಠ ದೊಡ್ಡದಾ? ಇವತ್ತೇ ಬಾಡಿಗೆ ಕಾರು ಮಾಡಿ" ಅಂದೆ. ಇವರು ಕೈ ಒರೆಸಿಕೊಳ್ತಾ ತಲೆ ತಗ್ಗಿಸಿದರು. ಒಳಗಿಂದ ಅತ್ತೆಯೇ ಕೂಗಿದರು, "ಅವನ್ನ ಯಾಕಮ್ಮ ಬೈತೀಯಾ? ಮಾಡ್ಲಿ ಬುಡು, ನಿಧಾನಕ್ಕೆ ಮಾಡ್ಲಿ."

ನಿಧಾನಕ್ಕೆ ಅನ್ನೋ ಆ ಮಾತಿಗೆ ನಾನು ಆವತ್ತು ಕಿವಿ ಕೊಡಲಿಲ್ಲ. ಮಗನ ಮೇಲಿನ ಮೋಹ ಅಂದುಕೊಂಡು ಇನ್ನಷ್ಟು ಉರಿದುಕೊಂಡೆ.

ದಾರಿ ಸಿಕ್ಕಿದ್ದು ಬೇರಿಕೆಯಲ್ಲಿ. ನಮ್ಮ ಸ್ಕೂಲಿನ ಹಿಂದುಗಡೆ ಒಬ್ಬರು ರೈತರ ತೋಟ, ಹೂಕೋಸು, ಬೀನ್ಸು ಬೆಳೆಯೋರು. ಬಾವಿ ಹತ್ತಿರ ಸಣ್ಣ ಗೋಡೆ ಕಟ್ಟಿ ಡೀಸೆಲ್ ಇಂಜಿನ್ನಿನ ಪಂಪು ಇಟ್ಟಿದ್ದರು. ಒಂದು ದಿನ ಬಸ್ಸು ತಪ್ಪಿ, ಮುಂದಿನ ಬಸ್ಸಿಗೆ ಹೊತ್ತಿದೆ ಅಂತ ಬೀನ್ಸು ಕೊಳ್ಳೋಕೆ ಹೋದೆ. ಇಂಜಿನ್ನು ಓಡ್ತಾ ಇತ್ತು. ಅದರ ಹೊಗೆ ಪೈಪು ಗೋಡೆಯ ತೂತಿನಿಂದ ಆಚೆ ಹೋಗಿತ್ತು, ಆದರೆ ತೂತು ಪೈಪಿಗಿಂತ ಎರಡು ಪಟ್ಟು ದೊಡ್ಡದು. ಪೈಪು ಗೋಡೆಗೆ ತಾಗಿರಲಿಲ್ಲ. ಮೇಲಿನ ತೊಲೆಯಿಂದ ಹಳೇ ಲಾರಿ ಟೈರಿನ ಪಟ್ಟಿಯಲ್ಲಿ ಜೋತುಬಿದ್ದು, ಇಂಜಿನ್ನಿನ ಜೊತೆ ತಾನೂ ತೂಗ್ತಾ ಇತ್ತು. ಗೋಡೆ ಮುಟ್ಟಿ ನೋಡಿದೆ. ಗೋಡೆಯಲ್ಲಿ ನಡುಕವೇ ಇರಲಿಲ್ಲ.

ಕೇಳಿದರೆ ಆ ರೈತರು ನಕ್ಕರು. "ಮೊದಲು ಸಿಮೆಂಟ್ ಹಾಕಿ ಬಿಗಿಯಾಗಿ ಕೂರಿಸಿದ್ದೆ ಟೀಚರಮ್ಮ. ಒಂದೇ ತಿಂಗಳಿಗೆ ಗೋಡೆ ಬಿರುಕು ಬುಡ್ತು. ಇಂಜಿನ್ನು ಅಂದ್ಮೇಲೆ ಅಲ್ಲಾಡ್ತದೆ, ಅಲ್ಲಾಡಬ್ಯಾಡ ಅನ್ನಾಕಾಯ್ತದಾ? ಪೈಪು ಅದರ ಜತೇಲಿ ಅಲ್ಲಾಡ್ಕೊಳ್ಲಿ ಅಂತ ಬುಟ್ಟೆ. ಗೋಡೆಗೆ ಕಟ್ಟಿದ್ರೆ ಗೋಡೇನೂ ಅಲ್ಲಾಡ್ತದೆ, ಅಷ್ಟೇ."

ಅಷ್ಟೇ. ಎಂಟು ಬ್ರಾಕೆಟ್ಟು, ಲೆಕ್ಕವಿಲ್ಲದಷ್ಟು ಕಾಫಿ, ಶೂಳಗಿರಿವರೆಗೆ ನನ್ನ ಮಂಡಿ ಸೇವೆ, ಎಲ್ಲದಕ್ಕೂ ಉತ್ತರ ಆ ಬಾವಿ ಹತ್ತಿರ ತೂಗ್ತಾ ಇತ್ತು. ನಾನು ಬೀನ್ಸು ಮರೆತು ಟೈರಿನ ಪಟ್ಟಿ ಕೇಳಿ ತಂದೆ, ಮೊಳದುದ್ದದ್ದು ಮೂರು.

ಮನೆಯಲ್ಲಿ ಹೇಳಿದರೆ ಇವರು ಕೇಳಿಸಿಕೊಂಡರೆ ತಾನೇ. "ಹೂಕೋಸಿಗೆ ನೀರು ಬಿಡೋ ಇಂಜಿನ್ನಿಗೂ ಕಾರಿಗೂ ಎಲ್ಲಿಂದೆಲ್ಲಿಗೆ? ಸಡಿಲ ಬಿಟ್ಟರೆ ಸದ್ದು ಹೆಚ್ಚಾಗತ್ತೆ ಕಣೆ, ಅಷ್ಟೂ ಗೊತ್ತಾಗಲ್ವಾ ನಿನಗೆ." ಭಾನುವಾರ ಸ್ನೇಹಿತರು ಬರೋಕೆ ಮುಂಚೆ ಎದ್ದು, ಪಟ್ಟಿಗಳನ್ನು ಬ್ಯಾಗಿಗೆ ಹಾಕಿಕೊಂಡು ಕಾರಲ್ಲಿ ಹೋಗಿ ಕೂತೆ. "ಜೂಜುವಾಡಿಗೆ ನಡೀರಿ. ಇಲ್ಲದಿದ್ದರೆ ನಾಳೆ ನಾನೇ ನಿಮ್ಮ ತಾಯೀನ ಬಸ್ಸಲ್ಲಿ ಕರಕೊಂಡು ಹೋಗಿ ಆಸ್ಪತ್ರೆಗೆ ಸೇರಿಸ್ತೀನಿ, ಬರುವಾಗ ಹೊಲಿಗೆ ಬಿಚ್ಚಿಕೊಂಡರೆ ನೀವೇ ಜವಾಬ್ದಾರಿ" ಅಂದೆ. ನನ್ನ ಮುಖ ನೋಡಿದರು. ಕಾರು ತೆಗೆದರು.

ವೆಲ್ಡಿಂಗ್ ಶಾಪಿನ ಮೇಸ್ತ್ರಿ ತನ್ನ ಕೆಲಸವನ್ನು ತಾನೇ ಕತ್ತರಿಸೋಕೆ ಒಪ್ಪಲಿಲ್ಲ. "ಅಮ್ಮಾ, ಕಳಂಡು ವಿಳುಂದುಡುಂ" ಅಂದ, ಕಳಚಿ ಬಿದ್ದು ಹೋಗತ್ತೆ ಅಂತ. ಬಿದ್ದರೆ ಬೀಳಲಿ, ನೀನು ಕತ್ತರಿಸಪ್ಪಾ ಅಂತ ನನ್ನ ಹರಕು ತಮಿಳಲ್ಲಿ ಹೇಳಿ ಅಲ್ಲೇ ಸ್ಟೂಲು ಹಾಕಿಸಿಕೊಂಡು ಕೂತೆ. ಗ್ಯಾಸಿನ ಬೆಂಕಿಗೆ ಒಂದೊಂದೇ ಬ್ರಾಕೆಟ್ಟು ತುಂಡಾಗಿ ಬಿದ್ದವು. ಒಂದೊಂದು ಬಿದ್ದಾಗಲೂ ನಮ್ಮನೆಯವರ ಮುಖ ನೋಡೋಕಾಗ್ತಿರಲಿಲ್ಲ. ಪೈಪಿಗೂ ತಳಕ್ಕೂ ಎರಡು ಬೆರಳು ಸಂದು ಬಿಡಿಸಿ, ಬಿಸಿ ಕಮ್ಮಿ ಇರುವ ಮೂರು ಕಡೆ ಟೈರಿನ ಪಟ್ಟಿಯಲ್ಲಿ ಜೋತು ಹಾಕಿಸಿದೆ. ಇಂಜಿನ್ ಪಕ್ಕದಲ್ಲಿ ಪೈಪು ಸೇರುವ ಜಾಗದ ಕ್ಲಾಂಪ್ ಒಂದು ಮಾತ್ರ ಬಿಗಿ ಇರಬೇಕು ಅಂದ ಮೇಸ್ತ್ರಿ. ಅದನ್ನು ನಮ್ಮನೆಯವರೇ ಸ್ಪ್ಯಾನರ್ ಇಸಕೊಂಡು ತಿರುಪಿದರು. ಅಷ್ಟಾದರೂ ಸಿಕ್ಕಿತಲ್ಲ.

ಸ್ಟಾರ್ಟ್ ಮಾಡಿದಾಗ ಪೈಪು ಒಂದು ಸಲ ತೂಗಿ ನಿಂತಿತು. ಗಡಗಡ ಇಲ್ಲ, ಟಕಟಕ ಇಲ್ಲ. ಇಂಜಿನ್ನಿನ ಸದ್ದು, ಅಷ್ಟೇ. ಹೈವೇಗೆ ಹಾಕಿದೆವು. ವೇಗ ಏರಿಸಿದರು, ಇನ್ನೂ ಏರಿಸಿದರು. ನಾನು ಸೀಟಿನ ಮೇಲೆ ಅಂಗೈ ಇಟ್ಟು ನೋಡ್ತಾ ಇದ್ದೆ, ನಡುಕ ಬರಲೇ ಇಲ್ಲ. ಕೊನೆಗೆ, "ನಾನೂ ಹಿಂಗೇ ಮಾಡೋಣ ಅಂತಿದ್ದೆ" ಅಂದರು. ನಾನು ಕಿಟಕಿ ಕಡೆ ತಿರುಗಿಕೊಂಡೆ. ಇಂಥಾ ಮನುಷ್ಯರನ್ನು ಕಟ್ಟಿಕೊಂಡು ಏನು ಮಾಡೋದು, ನೀವೇ ಹೇಳಿ.

ಮನೆ ಮುಂದೆ ಕಾರು ನಿಂತರೂ ಅತ್ತೆಗೆ ಗೊತ್ತಾಗಲಿಲ್ಲ. ಇವರು ಒಳಗೆ ಓಡಿ ಹೋಗಿ, "ಅವ್ವಾ, ನಿಂತೋಯ್ತು, ಸದ್ದು ನಿಂತೋಯ್ತು" ಅಂದರು. ಅತ್ತೆ ಅಲಸಂದೆಕಾಯಿ ಸುಲಿಯೋದು ನಿಲ್ಲಿಸಿ, "ಹೌದಾ" ಅಂದರು. ಮತ್ತೆ ಕೈ ಸವರಿ ಕಾಳು ಹುಡುಕಿಕೊಂಡರು. ಕುಣಿದಾಡ್ತಾರೆ ಅಂದುಕೊಂಡಿದ್ದ ನನಗೆ ನಿರಾಸೆಯಾಯ್ತು. ಅಲ್ಲಿಂದ ಶುರುವಾಯ್ತು ನೋಡಿ ಹೊಸ ರಾಗ. ಈ ವಾರ ಅಮಾವಾಸ್ಯೆ. ಮುಂದಿನ ವಾರ ಆಯುಧಪೂಜೆ, ಮನೇಲಿ ಹಿರೀಕರು ಇರ್ಬೇಕು. ಆಮೇಲೆ ಕೆಮ್ಮು. ಕೆಮ್ಮು ಹೋದ ಮೇಲೆ ಮಂಡಿನೋವು. ದೀಪಾವಳಿ ಕಾಲ ಹತ್ತಿರ ಬಂದಿತ್ತು. ನನಗೆ ತಾಳ್ಮೆಯ ಕೊನೆ ಎಳೆಯೂ ಹರಿದು, "ನಾಳೆ ಬೆಳಿಗ್ಗೆ ಹೊರಡ್ತಾ ಇದೀವಿ ಅತ್ತೆ, ಇನ್ನೊಂದು ಮಾತು ಬೇಡ" ಅಂದುಬಿಟ್ಟೆ. ಬೆಳಿಗ್ಗೆ ನೋಡಿದರೆ ಅತ್ತೆ ತಾವೇ ತಲೆ ಬಾಚಿಕೊಂಡು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

ಆಪರೇಷನ್ ಆಯ್ತು, ಕಣ್ಣು ಉಳೀತು. ಅದಾದ ಮೇಲೆ ದಪ್ಪ ಕನ್ನಡಕ ಹಾಕಿಕೊಂಡು ಬದುಕಿರೋವರೆಗೂ ತಾವೇ ಅಕ್ಕಿಯಲ್ಲಿ ಕಲ್ಲು ಆರಿಸಿದರು, ನನ್ನ ಕೆಲಸದಲ್ಲೂ ಹುಳುಕು ಆರಿಸಿದರು. ಅದೆಲ್ಲ ಸರಿಯಾಗೇ ಆಯ್ತು. ಇವತ್ತಿಗೂ ನನ್ನ ಮನಸ್ಸಿಗೆ ಚುಚ್ಚೋದು ಆವತ್ತು ಹೋಗುವಾಗಿನ ದಾರಿ.

ನಾನೂ ಅತ್ತೆಯೂ ಹಿಂದಿನ ಸೀಟಿನಲ್ಲಿ ಕೂತಿದ್ದೆವು. ಅತ್ತಿಬೆಲೆ ದಾಟಿತ್ತು. ಕಾರು ಎಷ್ಟು ನುಣ್ಣಗೆ ಓಡ್ತಿತ್ತು ಅಂದರೆ ಮುಂದೆ ಕೂತ ಮಗ ತಾಯಿಗೆ ಕೇಳಿಸಲಿ ಅಂತಲೇ ಶಿಳ್ಳೆ ಹಾಕ್ತಿದ್ದರು. ಸ್ವಲ್ಪ ಹೊತ್ತಿಗೆ ಅತ್ತೆ ನನ್ನ ಕೈ ಹುಡುಕಿ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು, ನಡುಗ್ತಾ ಇತ್ತು. ಕಾರು ನಡುಗ್ತಾ ಇರಲಿಲ್ಲವಲ್ಲ, ಅದಕ್ಕೇ ನನಗೆ ಗೊತ್ತಾಯ್ತು.

"ನಮ್ಮವ್ವಂಗೂ ಹಿಂಗೇ ಪೊರೆ ಬಂದಿತ್ತು" ಅಂದರು, ಮಗನಿಗೆ ಕೇಳಿಸದ ಹಾಗೆ. "ಸಂತೆಗೆ ಒಬ್ಬ ಬರೋನು, ಸೂಜೀಲಿ ಪೊರೆ ತಳ್ಳೋನು. ಕೂರ್ಸಿ ತಳ್ದ. ಎಲ್ಡು ದಿನ ಎಲ್ಲಾ ಕಾಣ್ತು. ನನ್ನ ಮುಖ ನೋಡಿ, ಎಷ್ಟು ಬೆಳ್ದಿದೀಯ ಮಗಾ ಅಂದ್ಲು. ಮೂರನೇ ದಿನ ಕಣ್ಣು ಕೀವಾಯ್ತು. ಒಂದು ವಾರ ಕಿರುಚಿದ್ಲು. ಆಮೇಲೆ ಸಾಯೋಗಂಟ ಕತ್ಲೆ."

"ಅದು ಆ ಕಾಲ ಅತ್ತೆ. ಇವರು ಓದಿದ ಡಾಕ್ಟರು" ಅಂದೆ.

"ಗೊತ್ತು ಕಣಮ್ಮ, ಗೊತ್ತು. ಗೊತ್ತಿದ್ರೆ ಹೆದ್ರಿಕೆ ಹೋಯ್ತದಾ?" ಅಂದರು. ಇನ್ನೊಂದು ಫರ್ಲಾಂಗು ಹೋಯ್ತು. "ದಿನಾ ದೀಪ ಹಚ್ಚುವಾಗ ಕೇಳ್ಕೋತಿದ್ದೆ. ನನ್ನ ಮಗನ ಗಾಡಿ ಸದ್ದು ನಿಲ್ಲೋದು ಬ್ಯಾಡ ಕಣಪ್ಪಾ ಅಂತ. ಅವನು ಅದರ ಕೆಳಗೆ ಮಲಗಿ ಒದ್ದಾಡ್ತಿದ್ರೆ ನಾನು ಒಳಗೆ ಕೂತು ಹಿಂಗೆ ಕೇಳ್ಕೋತಿದ್ದೆ. ಎಂಥಾ ತಾಯಿ ನಾನು."

ಆರು ತಿಂಗಳಿಂದ ನಾನು ಮಗನನ್ನು ಬೈದಿದ್ದೆ, ಪೈಪನ್ನು ಬೈದಿದ್ದೆ, ಈ ಮುದುಕಿಯ ಹಠವನ್ನೂ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಯಾಕೆ ಬೇಡ ಅತ್ತೆ, ಏನು ಹೆದರಿಕೆ ಅಂತ ಪಕ್ಕದಲ್ಲಿ ಕೂತು ಒಂದು ಸಲವೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯ್ತು.

"ಈಗ ನಿಲ್ಸು ಅಂದ್ರೆ ನಿಲ್ಲಿಸ್ತಾನಾ ಅವನು?" ಅಂತ ಕೇಳಿದರು.

"ನಿಲ್ಲಿಸ್ತಾರೆ ಅತ್ತೆ. ನೀವು ಹೂಂ ಅನ್ನಿ, ಈಗಲೇ ತಿರುಗಿಸೋಕೆ ಹೇಳ್ತೀನಿ. ನಾನೇನೂ ಅನ್ನಲ್ಲ" ಅಂದೆ. ಸುಳ್ಳಲ್ಲ, ನಿಜವಾಗಲೂ ಹೇಳ್ತಿದ್ದೆ.

ಅತ್ತೆ ನನ್ನ ಕಡೆ ಮುಖ ತಿರುಗಿಸಿದರು. ಹಾಲಿನ ಕೆನೆ ಕಟ್ಟಿದ ಹಾಗಿದ್ದ ಆ ಕಣ್ಣಲ್ಲಿ ನಾನು ಅವರಿಗೆ ಎಷ್ಟು ಕಂಡೆನೋ ಗೊತ್ತಿಲ್ಲ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕೈ ಬಿಡದೆ, "ಬ್ಯಾಡ ಬುಡು. ಗಾಡಿ ಹೋಗ್ಲಿ" ಅಂದರು.